ಮರದ ಮೈಮೇಲೆ ಗಾಳಿಯ ಪಾಸ್‌ಬುಕ್

ಪಲಾವಿನ ಮಸಾಲೆಗೆಂದು ಸೊಸೆ ತಟ್ಟೆಯಲ್ಲಿ ಚಕ್ಕೆ, ಲವಂಗ, ಮರಾಠಿ ಮೊಗ್ಗು ತೆಗೆದಿಟ್ಟಿದ್ದಳು. ಅವುಗಳ ಪಕ್ಕದಲ್ಲಿ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೂದಿ ಬಣ್ಣದ ಕಲ್ಲುಹೂವಿನ ನಾಲ್ಕು ಚೂರುಗಳಿದ್ದವು. ಏಳನೇ ತರಗತಿಯ ಮೊಮ್ಮಗಳು ಒಂದನ್ನು ಎತ್ತಿ ಮೂಸಿ, "ತಾತ, ಇದು ಯಾವ ಗಿಡದ ಹೂವು?" ಎಂದು ಕೇಳಿದಳು.

"ಹೆಸರೇ ಹೇಳುತ್ತದಲ್ಲ ಪುಟ್ಟಿ, ಕಲ್ಲಿನ ಮೇಲೆ ಬಿಡುವ ಹೂವು" ಎಂದೆ. ನನಗೀಗ 74 ವರ್ಷ. ಇಷ್ಟು ವರ್ಷ ಅದನ್ನು ತಿಂದಿದ್ದೆನೇ ಹೊರತು ಅದು ಏನೆಂದು ವಿಚಾರಿಸಿರಲಿಲ್ಲ. ಅವಳು ಒಳಗೆ ಹೋಗಿ ಪುಸ್ತಕ ತಂದು ನನ್ನ ತಪ್ಪನ್ನು ತೋರಿಸಿದಳು.

ಕಲ್ಲುಹೂವು ಹೂವಲ್ಲ. ಸರಿಯಾಗಿ ಹೇಳಬೇಕೆಂದರೆ ಗಿಡವೂ ಅಲ್ಲ. ಅಣಬೆಯ ಬಳಗಕ್ಕೆ ಸೇರಿದ ಒಂದು ಶಿಲೀಂಧ್ರವೂ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೂ ಕೂಡಿ ಸಂಸಾರ ಹೂಡಿದರೆ ಅದು ಕಲ್ಲುಹೂವು. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಶಿಲೀಂಧ್ರ ಮನೆ ಕಟ್ಟಿ, ನೀರು ಹಿಡಿದಿಟ್ಟು, ಪಾಚಿಯನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಲೈಕೆನ್ ಎನ್ನುತ್ತಾರೆ. ಇದರಲ್ಲಿ ಸಾವಿರಾರು ಜಾತಿಗಳಿವೆ. ನಾವು ಮಸಾಲೆಗೆ ಹಾಕುವುದು ಅವುಗಳಲ್ಲಿ ಕೆಲವನ್ನು ಮಾತ್ರ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆಕಾಯಿಯ ಜೊತೆಗೆ ಇದನ್ನೂ ಕಾಡಿನಿಂದ ಕೂಡಿಸಿ ತರುತ್ತಿದ್ದರು.

ಆ ಪುಸ್ತಕದಲ್ಲಿದ್ದ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಕಲ್ಲುಹೂವಿಗೆ ಬೇರಿಲ್ಲ. ಎಲೆಗಳ ಮೇಲಿರುವಂಥ ಮೇಣದ ಪದರವೂ ಇಲ್ಲ. ಅದು ಬದುಕುವುದೇ ಗಾಳಿ, ಮಂಜು, ಮಳೆ ತಂದುಕೊಟ್ಟದ್ದರಿಂದ. ಗಾಳಿಯಲ್ಲಿ ವಿಷವಿದ್ದರೆ ಅದನ್ನೂ ನೀರಿನ ಜೊತೆಗೆ ಹೀರುತ್ತದೆ. ನಾವಾದರೆ ಬಾಗಿಲು ಹಾಕಿಕೊಳ್ಳಬಹುದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬಹುದು. ಅದಕ್ಕೆ ಆ ದಾರಿಯಿಲ್ಲ. ಮೇಲಾಗಿ ಅದು ಬೆಳೆಯುವುದು ಬಹಳ ನಿಧಾನ. ಎಷ್ಟೋ ಜಾತಿಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ ಹಿಗ್ಗುತ್ತವೆ. ಮರದ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಕಲ್ಲುಹೂವು ಕಂಡರೆ ಅದು ನಿಮಗಿಂತ ದೊಡ್ಡದೇ ಇರಬಹುದು, ಮಕ್ಕಳೇ.

ಅದೇ ವಾರ ಊರಿನಿಂದ ತಮ್ಮನ ಫೋನು ಬಂತು.

ನಮ್ಮ ಊರು ತೆರಕಣಾಂಬಿಗೂ ಗುಂಡ್ಲುಪೇಟೆಗೂ ನಡುವೆ ಇದೆ. ತಮ್ಮ ಅಲ್ಲೇ ಇದ್ದು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾನೆ. ಕೆಲವು ವರ್ಷಗಳಿಂದ ಊರಿಗೆ ಒಂದು ಮೈಲಿ ದೂರದಲ್ಲಿ ಜೆಲ್ಲಿ ಕ್ರಷರ್ ಓಡುತ್ತಿದೆ. ಟಿಪ್ಪರ್ ಲಾರಿಗಳು ಊರ ಮುಂದಿನ ರಸ್ತೆಯಲ್ಲೇ ಹೋಗುತ್ತವೆ.

"ಸೊಪ್ಪಿನ ಮ್ಯಾಲ ಧೂಳು ಕೂರ್ತದ ಕಣಣ್ಣ. ತೊಳೆದು ಹಾಕಿದ್ರೂ ಹುಳ ಸರಿಯಾಗಿ ಮೇಯಲ್ಲ. ಹೋದ ಸಲ ಗೂಡು ಅರ್ಧಕ್ಕರ್ಧ ಕಮ್ಮಿ ಬಂತು. ನಂಗೂ ರಾತ್ರಿಯೆಲ್ಲ ಕೆಮ್ಮು" ಎಂದ. ಒಂದು ಕಚೇರಿಗೆ ಅರ್ಜಿ ಕೊಡಲು ಹೋಗಿದ್ದನಂತೆ. ಅಲ್ಲಿದ್ದವರು ಕೇಳಿದ್ದು ಎರಡೇ ಮಾತು: ಗಾಳಿ ಯಾವಾಗಿನಿಂದ ಕೆಟ್ಟಿದೆ? ಅದಕ್ಕೆ ದಾಖಲೆ ಏನಿದೆ?

ನಾನು ಜೀವನವೆಲ್ಲ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ದಾಖಲೆ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನೆಟ್ಟಗೆ ಕೂರುತ್ತೇನೆ. ದಸರಾ ರಜೆ ಬಂದ ಕೂಡಲೇ ಮೊಮ್ಮಗಳನ್ನು ಕರೆದುಕೊಂಡು ಹೊರಟೆ. ಚೀಲದಲ್ಲಿ ಒಂದು ಉದ್ದ ನೋಟ್‌ಬುಕ್ಕು, ದರ್ಜಿಯ ಟೇಪು, ದಾರದ ಉಂಡೆ ಇದ್ದವು. ಚೆಕ್ಕಿನ ಸಹಿ ನೋಡಲು ಬಳಸುತ್ತಿದ್ದ ನನ್ನ ಹಳೆಯ ಭೂತಗನ್ನಡಿಯೂ ಇತ್ತು.

ಮೈಸೂರಿನಿಂದ ರೈಲು ನಂಜನಗೂಡು ದಾಟಿ ಚಾಮರಾಜನಗರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. ಈ ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ತಂದೆಯ ನೆನಪಿಗೆಂದು ಮುಮ್ಮಡಿಯವರು 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ನಾನು ಕೆಲಸಕ್ಕೆ ಸೇರಿದಾಗ ಇದು ಮೈಸೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. 1997ರಲ್ಲಿ ಬೇರೆ ಜಿಲ್ಲೆಯಾಯಿತು.

ಬೇರೆ ಕಡೆ ಆಷಾಢದಲ್ಲಿ ಹೊಸ ಮದುವೆಯ ಹೆಣ್ಣನ್ನು ತವರಿಗೆ ಕಳಿಸಿದರೆ, ಇಲ್ಲಿ ಆಷಾಢದ ತೇರಿಗೆ ಹೊಸ ಜೋಡಿಗಳೇ ಹಿಂಡುಹಿಂಡಾಗಿ ಬರುತ್ತಾರೆ. ನಾನೂ ನಿಮ್ಮಜ್ಜಿಯೂ ಹಾಗೆ ಬಂದು ತೇರಿಗೆ ಹಣ್ಣು-ಜವನ ಎಸೆದವರೇ ಎಂದು ಮೊಮ್ಮಗಳಿಗೆ ಹೇಳಿದೆ. ಅಜ್ಜಿಯನ್ನು ಅವಳು ನೋಡಿಲ್ಲ. "ಅಜ್ಜಿ ಎಸೆದದ್ದು ತೇರಿಗೆ ತಾಗಿತಾ?" ಎಂದಳು. "ಅವಳದು ತಾಗಿತು, ನನ್ನದು ಮುಂದಿದ್ದವರ ತಲೆಗೆ ಬಿತ್ತು" ಎಂದೆ.

ದೇವರ ದರ್ಶನ ಮಾಡಿ ಹೊರಗೆ ಬಂದು, ಹಳೆಯ ಕಲ್ಲುಗಳ ಹತ್ತಿರ ಭೂತಗನ್ನಡಿ ಹಿಡಿದೆವು. ಸುಣ್ಣ ಸಿಡಿದ ಕಲೆಯೆಂದು ನಾನು ಇಷ್ಟು ದಿನ ತಿಳಿದಿದ್ದ ಬಿಳಿ-ಬೂದು ವೃತ್ತಗಳು ಗಾಜಿನ ಕೆಳಗೆ ಬೇರೆಯೇ ಕಂಡವು. ಅಂಚಿನಲ್ಲಿ ಸಣ್ಣ ಮಡಿಕೆ, ನಡುವೆ ಸಾಸಿವೆಗಿಂತ ಚಿಕ್ಕ ಬಟ್ಟಲುಗಳು. ಗಾಯದ ಮೇಲಿನ ಹಕ್ಕಳೆಯಂತೆ ಅಂಟಿಕೊಂಡಿರುವುದು ಒಂದು ಬಗೆ. ಎಲೆಯಂತೆ ಹರಡುವುದು ಇನ್ನೊಂದು. ಗಡ್ಡದಂತೆ ಇಳಿಬೀಳುವುದು ಮೂರನೆಯದು. ಸಾಮಾನ್ಯವಾಗಿ ಗಡ್ಡದ ಬಗೆ ಬಹಳ ನಾಜೂಕು. ಗಾಳಿ ಕೆಟ್ಟರೆ ಮೊದಲು ಹೋಗುವುದು ಅದೇ. ಹಕ್ಕಳೆಯಂಥವು ಕಡೆಯ ತನಕ ತಡೆದುಕೊಳ್ಳುತ್ತವೆ.

ತೆರಕಣಾಂಬಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಪ್ಯಾರಿಸ್ಸಿನ ಕಥೆ ಹೇಳಿದೆ. 1866ರಲ್ಲಿ ನೈಲಾಂಡರ್ ಎಂಬ ಫಿನ್ಲೆಂಡ್ ದೇಶದ ವಿಜ್ಞಾನಿ ಆ ನಗರದ ಲಕ್ಸಂಬರ್ಗ್ ಉದ್ಯಾನದ ಮರಗಳಲ್ಲಿದ್ದ ಕಲ್ಲುಹೂವುಗಳ ಪಟ್ಟಿ ಮಾಡಿದ. ಉದ್ಯಾನದಲ್ಲಿದ್ದ ಎಷ್ಟೋ ಜಾತಿಗಳು ನಗರದ ಬೇರೆ ಕಡೆ ಕಾಣಲಿಲ್ಲ. ಗಾಳಿ ಎಷ್ಟು ಶುದ್ಧವಾಗಿದೆ ಎಂಬುದನ್ನು ಕಲ್ಲುಹೂವು ಹೇಳಬಲ್ಲದು ಎಂದು ಅವನು ಬರೆದಿಟ್ಟ. ಆಗ ಕಲ್ಲಿದ್ದಲ ಹೊಗೆಯ ಕಾಲ. ಅದರಲ್ಲಿರುವ ಗಂಧಕದ ಅನಿಲ ಕಲ್ಲುಹೂವಿನೊಳಗಿನ ಪಾಚಿಗೆ ವಿಷ. ಸುಮಾರು 100 ವರ್ಷಗಳ ಮೇಲೆ, 1970ರಲ್ಲಿ, ಇಂಗ್ಲೆಂಡಿನ ಇಬ್ಬರು ವಿಜ್ಞಾನಿಗಳು ಯಾವ ಜಾತಿ ಇದ್ದರೆ ಗಾಳಿಯಲ್ಲಿ ಗಂಧಕದ ಅನಿಲ ಎಷ್ಟಿರಬಹುದು ಎಂಬ ಅಳತೆಪಟ್ಟಿಯನ್ನೇ ಮಾಡಿದರು.

ಅಷ್ಟು ದೂರ ಯಾಕೆ? ನಮ್ಮ ಬೆಂಗಳೂರಿನಲ್ಲೇ ಈ ಕೆಲಸ ನಡೆದಿದೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರಿನವರ ಜೊತೆ ಸೇರಿ ನಗರದಲ್ಲಿ, ಮುಖ್ಯವಾಗಿ ಲಾಲ್‌ಬಾಗಿನಲ್ಲಿ, ಕಲ್ಲುಹೂವು ಎಲ್ಲೆಲ್ಲಿದೆ, ಅದರೊಳಗೆ ಯಾವ ಲೋಹ ಎಷ್ಟು ಕೂಡಿದೆ ಎಂದು ಪರೀಕ್ಷಿಸಿ 2003ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

"ಅದಕ್ಕೆ ಯಂತ್ರ ಇದೆಯಲ್ಲ ತಾತ? ನಮ್ಮ ಫೋನಿನಲ್ಲೇ ಗಾಳಿ ಹೇಗಿದೆ ಅಂತ ಬರುತ್ತೆ" ಎಂದಳು.

ಇದೆ. ಯಂತ್ರ ಬಹಳ ಕರಾರುವಾಕ್ಕಾಗಿ ಹೇಳುತ್ತದೆ. ಆದರೆ ಅದು ಬೆಲೆಬಾಳುವ ಸಾಮಾನು, ಎಲ್ಲ ಹಳ್ಳಿಯಲ್ಲೂ ಇಡಲಾಗುವುದಿಲ್ಲ. ಇಟ್ಟ ದಿನದಿಂದ ಈಚಿನದನ್ನು ಮಾತ್ರ ಹೇಳುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಇವತ್ತಿನ ಬ್ಯಾಲೆನ್ಸ್ ಕೇಳಿದ ಹಾಗೆ. ಹತ್ತು ವರ್ಷದಲ್ಲಿ ಎಷ್ಟು ಬಂತು, ಎಷ್ಟು ಹೋಯಿತು ಎಂದು ತಿಳಿಯಬೇಕಾದರೆ ಪಾಸ್‌ಬುಕ್ ಬೇಕು. ಗಾಳಿಯ ಪಾಸ್‌ಬುಕ್ ಮರದ ಮೈಮೇಲಿದೆ.

ಊರು ತಲುಪಿ, ನಾದಿನಿ ಕೊಟ್ಟ ಮಜ್ಜಿಗೆ ಕುಡಿದು ಕೆಲಸಕ್ಕೆ ಇಳಿದೆವು. ಇದಕ್ಕೊಂದು ಕ್ರಮವಿದೆ. ಎಲ್ಲ ಕಡೆ ಒಂದೇ ಜಾತಿಯ ಮರ ಬೇಕು, ದಪ್ಪವೂ ಹೆಚ್ಚು ಕಡಿಮೆ ಒಂದೇ ಇರಬೇಕು. ತೊಗಟೆ ಬೇರೆಯಾದರೆ ಕಲ್ಲುಹೂವೂ ಬೇರೆ. ನಮ್ಮ ಕಡೆ ಮಾವು ಎಲ್ಲೆಲ್ಲೂ ಇದೆ. ಹೆದ್ದಾರಿಯ ಪಕ್ಕದಲ್ಲಿ ಸುಣ್ಣ ಬಳಿದ ಮರಗಳನ್ನು ಬಿಟ್ಟುಬಿಡಬೇಕು. ಒಂದು ಬೆರಳುದ್ದದ ಕಡ್ಡಿಗಳಿಗೆ ದಾರ ಕಟ್ಟಿ, 10 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ 5 ಮನೆಗಳಿರುವ ಏಣಿ ಮಾಡಿಕೊಂಡೆವು. ಯೂರೋಪಿನಲ್ಲಿ ಇದೇ ಅಳತೆಯ ಏಣಿ ಬಳಸುತ್ತಾರೆ. ಅದನ್ನು ಎದೆಮಟ್ಟದಲ್ಲಿ ಮರದ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ನಾಲ್ಕೂ ಕಡೆಗೆ ಹಿಡಿದು, ಎಷ್ಟು ಮನೆಯಲ್ಲಿ ಕಲ್ಲುಹೂವು ಇದೆ ಎಂದು ಎಣಿಸುವುದು. ಒಂದು ಮರಕ್ಕೆ 20 ಮನೆ. ಒಂದು ಜಾಗದಲ್ಲಿ 3 ಮರ, ಒಟ್ಟು 60 ಮನೆ.

ಟಿಪ್ಪರ್ ಓಡಾಡುವ ರಸ್ತೆಯ ಬದಿಯ 3 ಮರಗಳಲ್ಲಿ 60ಕ್ಕೆ 2 ಮನೆ ಸಿಕ್ಕಿತು. ತೊಗಟೆಯ ಬಿರುಕುಗಳಲ್ಲಿ ಹಿಟ್ಟಿನ ಗಿರಣಿಯೊಳಗಿನಂತೆ ಬಿಳಿ ಪುಡಿ ಕೂತಿತ್ತು. ಮೊಮ್ಮಗಳು ಎಲೆಯೊಂದನ್ನು ಬೆರಳಲ್ಲಿ ಒರಸಿದಳು, ಅಡಿಯಲ್ಲಿ ಹಸಿರು ಬಂತು. ಊರೊಳಗೆ, ತಮ್ಮನ ಮನೆಯ ಸುತ್ತಿನ 3 ಮರಗಳಲ್ಲಿ 60ಕ್ಕೆ 17. ಕೆರೆಯ ಆಚೆ ದಡದ ತೋಪಿನಲ್ಲಿ 60ಕ್ಕೆ 38. ಅಲ್ಲಿ ಎಲೆಯಂತೆ ಹರಡುವ ಬಗೆಯೂ ಇತ್ತು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ದಿನಾಂಕ, ಮರ, ದಿಕ್ಕು, ಅಂಕಿ ಎಂದು ಗೀಟು ಹೊಡೆದು ತುಂಬಿದಳು.

ಮಾರನೆಯ ದಿನ ತಮ್ಮನನ್ನೂ ಕರೆದುಕೊಂಡು ಗುಂಡ್ಲುಪೇಟೆಗೆ ಹೋದೆ. ಊಟಿಗೆ ಒಂದು ರಸ್ತೆ, ಕೇರಳಕ್ಕೆ ಒಂದು ರಸ್ತೆ ಕವಲೊಡೆಯುವ ಊರು ಇದು. ನಾನು ಇಲ್ಲಿ 9 ವರ್ಷ ಕೆಲಸ ಮಾಡಿದ್ದೇನೆ. ಶಾಖೆಯ ಎದುರಿಗಿದ್ದ ಮರದ ಕೆಳಗೆ ಸಂತೆಯ ದಿನ ರೈತರು ಕೂತು ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಅದರ ಬೊಡ್ಡೆಯ ತುಂಬ ಬೂದಿ ಬಣ್ಣದ ಕಲೆಗಳಿದ್ದದ್ದು ನನಗೆ ನೆನಪು. ಅದನ್ನೂ ಎಣಿಸೋಣವೆಂದು ಹೋದರೆ ಮರವೇ ಇಲ್ಲ. ರಸ್ತೆ ಅಗಲವಾಗಿದೆ. ಮರ ಹೋದರೆ ನೆರಳಷ್ಟೇ ಹೋಗುವುದಿಲ್ಲ, ಅದರ ಮೇಲಿದ್ದ ಲೆಕ್ಕವೂ ಹೋಗುತ್ತದೆ ಎಂಬುದು ಆವತ್ತು ತಿಳಿಯಿತು.

ಅಲ್ಲಿಂದ ಹಂಗಳದ ದಾರಿಯಾಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಬೆಟ್ಟದ ಬುಡದಲ್ಲಿ ನಮ್ಮ ವಾಹನ ನಿಲ್ಲಿಸಿ ಸಾರಿಗೆ ಬಸ್ಸು ಹತ್ತಬೇಕು. ಬಂಡೀಪುರದ ಕಾಡಿಗೆ ಸೇರಿದ ಜಾಗ. ಸಮುದ್ರಮಟ್ಟದಿಂದ 1454 ಮೀಟರ್ ಎತ್ತರ. ಬಸ್ಸು ಇಳಿದ ಕೂಡಲೇ ಮಂಜು ಮುಖಕ್ಕೆ ತಾಗಿತು. ವೇಣುಗೋಪಾಲನಿಗೆ ಕೈಮುಗಿದು ಹೊರಬಂದು ನೋಡಿದರೆ, ಗಾಳಿಗೆ ಕುಗ್ಗಿ ಬೆಳೆದ ಮರಗಳ ಕೊಂಬೆಗಳೇ ಕಾಣದಷ್ಟು ಕಲ್ಲುಹೂವು. ಎಲೆಯಂತೆ ಹರಡಿದ್ದು, ಎಳೆ ಎಳೆಯಾಗಿ ಇಳಿಬಿದ್ದದ್ದು, ಎಲ್ಲವೂ ಇತ್ತು. ಮೊಮ್ಮಗಳು ಏಣಿ ತೆಗೆಯಲು ಹೊರಟಳು.

"ಯಾನಕ್ಕ ಎಣಿಸ್ತೀಯ ಮಗ?" ಎಂದ ತಮ್ಮ. "ಇಲ್ಲಿ ಮಂಜು ಅದ, ತಂಪು ಅದ. ನಮ್ಮೂರಲ್ಲಿ ಬಿಸಿಲು. ಎರಡನ್ನೂ ಪಕ್ಕದಲ್ಲಿಟ್ಟು ತೂಗಕ್ಕಾಯ್ತದ?"

ಅವನ ಮಾತು ಸರಿ. ಕಲ್ಲುಹೂವಿಗೆ ಗಾಳಿಯಷ್ಟೇ ತೇವವೂ ಬೆಳಕೂ ಮುಖ್ಯ. ಬೆಟ್ಟದ ಅಂಕಿಯನ್ನು ಊರಿನ ಅಂಕಿಯ ಜೊತೆ ಇಟ್ಟರೆ ಅದು ಕಳ್ಳಲೆಕ್ಕವಾಗುತ್ತದೆ. ಅದಕ್ಕೇ ಅಲ್ಲಿ ಎಣಿಸಲಿಲ್ಲ, ನೋಡಿ ಸಂತೋಷಪಟ್ಟು ಇಳಿದೆವು. ಇನ್ನೂ ಒಂದು ಎಚ್ಚರ ಬೇಕು. ಕೆಲವು ಜಾತಿಯ ಕಲ್ಲುಹೂವುಗಳು ದನದ ಕೊಟ್ಟಿಗೆಯಿಂದ ಬರುವ ಅಮೋನಿಯಾ ಇದ್ದಲ್ಲಿ ಇನ್ನೂ ಚೆನ್ನಾಗಿ ಬೆಳೆಯುತ್ತವೆ. ಹೆಚ್ಚಿದ್ದರೆ ಒಳ್ಳೆಯ ಗಾಳಿ, ಕಡಿಮೆಯಿದ್ದರೆ ಕೆಟ್ಟ ಗಾಳಿ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಎಷ್ಟಿದೆ ಎನ್ನುವುದರ ಜೊತೆಗೆ ಯಾವ ಬಗೆ ಇದೆ ಎಂದೂ ಬರೆಯಬೇಕು.

ರಾತ್ರಿ ಊಟವಾದ ಮೇಲೆ ತಮ್ಮ ಕೆಮ್ಮುತ್ತಾ ಜಗಲಿಯ ಮೇಲೆ ಕೂತ. "ಸರಿ ಅಣ್ಣ, ಈಗ ಎಷ್ಟಿದೆ ಅಂತ ಗೊತ್ತಾಯ್ತು. ಮೊದಲು ಎಷ್ಟಿತ್ತು? ಅವರು ಕೇಳಿದ್ದು ಅದನ್ನೇ ಅಲ್ವಾ?"

ಆಗ ನನಗೆ ಸ್ವೀಡನ್ನಿನ ವಿಷಯ ನೆನಪಾಯಿತು. ಅಲ್ಲಿಯ ವಿಜ್ಞಾನಿಗಳು 1968ರಲ್ಲಿ ಒಂದು ಜಾಣ ಕೆಲಸ ಮಾಡಿದರು. ಹಿಂದಿನವರು ಕಾಡಿನಿಂದ ಕಿತ್ತು ಒಣಗಿಸಿ, ತಾರೀಖು ಬರೆದು, ಕಾಗದದ ನಡುವೆ ಜೋಪಾನವಾಗಿಟ್ಟಿದ್ದ ಹಾವಸೆಗಳನ್ನು ಪೆಟ್ಟಿಗೆಯಿಂದ ತೆಗೆದು ಅದರಲ್ಲಿರುವ ಸೀಸವನ್ನು ಅಳೆದರು. ಹಾವಸೆಗೂ ನಿಜವಾದ ಬೇರಿಲ್ಲ, ಅದೂ ಗಾಳಿಯಿಂದಲೇ ಹೀರುವುದು. 1860ರ ದಶಕದಿಂದ ಈಚಿನ ಮಾದರಿಗಳು ಅಲ್ಲಿದ್ದವು. 19ನೇ ಶತಮಾನದ ಕೊನೆಗೆ ಸೀಸ ಒಮ್ಮೆ ಏರಿತ್ತು. 1950ರ ನಂತರ ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ ಮತ್ತೆ ಏರಿತ್ತು. ಯಾರೂ ಅಳೆಯದೇ ಹೋದ 100 ವರ್ಷದ ಗಾಳಿ ಹೀಗೆ ಪೆಟ್ಟಿಗೆಯಲ್ಲಿ ಸಿಕ್ಕಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ.

ನಮ್ಮ ಮನೆಯಲ್ಲಿ ಹಾವಸೆಯ ಪೆಟ್ಟಿಗೆ ಎಲ್ಲಿಂದ ಬರಬೇಕು? ನಾದಿನಿ ಎದ್ದುಹೋಗಿ ಫೋಟೋ ಆಲ್ಬಂ ತಂದಳು. 1984ರಲ್ಲಿ ನಮ್ಮ ತಂಗಿಯ ಮದುವೆ ಅಂಗಳದ ಚಪ್ಪರದಲ್ಲೇ ನಡೆದಿತ್ತು. ಒಂದು ಫೋಟೋದಲ್ಲಿ ಬೀಗರು ಮಾವಿನ ಮರಕ್ಕೆ ಒರಗಿ ನಿಂತಿದ್ದಾರೆ. ಭೂತಗನ್ನಡಿ ಇಟ್ಟೆವು. ಅವರ ಭುಜದ ಪಕ್ಕದಲ್ಲಿ ಬೊಡ್ಡೆಯ ಮೇಲೆ ಅಂಗೈಯಗಲದ ಬಿಳಿ ಕಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಅದೇ ಮರ ಈಗಲೂ ಅಂಗಳದಲ್ಲಿದೆ. ಹಗಲು ಎಣಿಸಿದಾಗ ಅದರ 20 ಮನೆಯಲ್ಲಿ ಸಿಕ್ಕಿದ್ದು 4.

ತಮ್ಮ ಬಹಳ ಹೊತ್ತು ಫೋಟೋ ನೋಡಿದ. "ಅಪ್ಪ ನೆಟ್ಟ ಮರ" ಎಂದ.

ಇದೊಂದೇ ಫೋಟೋ ಸಾಕ್ಷಿಯಾಗುವುದಿಲ್ಲ ಎಂದು ನಾನೇ ಹೇಳಿದೆ. ಮರಕ್ಕೆ ವಯಸ್ಸಾಗಿದೆ, ತೊಗಟೆ ಉದುರಿರಬಹುದು, ಮಳೆ ಕಡಿಮೆಯಾಗಿರಬಹುದು. ಅವನ ಕೆಮ್ಮಿಗೆ ಕಾರಣ ಏನೆಂದು ಮರ ಹೇಳುವುದಿಲ್ಲ, ಅದಕ್ಕೆ ಡಾಕ್ಟರ ಹತ್ತಿರ ಹೋಗಲೇಬೇಕು ಎಂದೂ ಗದರಿದೆ.

"ಹಂಗಾದ್ರ ಇಷ್ಟೆಲ್ಲ ಎಣಿಸಿ ಯಾನ್ ಬಂತು? ಪಾಚಿ ಮಾತು ಯಾರು ಕೇಳ್ತಾರ?"

ಕೇಳಿದ್ದಾರೆ. ಅಮೆರಿಕದ ಪೋರ್ಟ್‌ಲೆಂಡ್ ಎಂಬ ಊರಿನಲ್ಲಿ 2013ರ ಡಿಸೆಂಬರಿನಲ್ಲಿ ಅಲ್ಲಿಯ ಅರಣ್ಯ ಇಲಾಖೆಯ ವಿಜ್ಞಾನಿಗಳು ಬೀದಿ ಮರಗಳ ಮೇಲಿನ ಹಾವಸೆಯ 346 ಮಾದರಿಗಳನ್ನು ಕೂಡಿಸಿದರು. ಪರೀಕ್ಷೆ ಮಾಡಿ ನಕ್ಷೆಯ ಮೇಲೆ ಗುರುತು ಹಾಕಿದಾಗ, ಬಣ್ಣದ ಗಾಜು ತಯಾರಿಸುವ ಕಾರ್ಖಾನೆಗಳ ಸುತ್ತ ಕ್ಯಾಡ್ಮಿಯಂ ಎಂಬ ವಿಷದ ಲೋಹ ಹೆಚ್ಚಾಗಿ ಕಂಡಿತು. ಆಮೇಲೆ ಸರ್ಕಾರದವರು ಅಲ್ಲಿಗೆ ಯಂತ್ರ ತಂದಿಟ್ಟರು. ಯಂತ್ರವೂ ಗಾಳಿಯಲ್ಲಿ ಕ್ಯಾಡ್ಮಿಯಂ ಹೆಚ್ಚಿದೆ ಎಂದೇ ಹೇಳಿತು. ಹಾವಸೆ ತೀರ್ಪು ಕೊಡಲಿಲ್ಲ. ಯಂತ್ರವನ್ನು ಎಲ್ಲಿಡಬೇಕು ಎಂಬುದನ್ನು ತೋರಿಸಿತು.

ಆ ರಾತ್ರಿಯೇ ಅರ್ಜಿ ಬರೆದೆ. ಬ್ಯಾಂಕಿನಲ್ಲಿ ಬರೆದಷ್ಟೇ ಚೊಕ್ಕವಾಗಿ ಬರೆದೆ. ಕ್ರಷರ್ ಮುಚ್ಚಿ ಎಂದು ಬರೆಯಲಿಲ್ಲ. ಅಲ್ಲಿ ದುಡಿಯುವವರಲ್ಲಿ ನಮ್ಮೂರ ಹುಡುಗರೂ ಇದ್ದಾರೆ. ರಸ್ತೆ ಬದಿಯಲ್ಲಿ 2, ಊರೊಳಗೆ 17, ಕೆರೆಯಾಚೆ 38, ಈ ವ್ಯತ್ಯಾಸ ಯಾಕೆ ಎಂದು ತಿಳಿಯಲು ಗಾಳಿ ಅಳೆಯುವ ಯಂತ್ರವನ್ನು ನಮ್ಮೂರಿಗೆ ತಂದಿಡಿ, ಅಲ್ಲಿಯವರೆಗೆ ರಸ್ತೆಗೆ ನೀರು ಹೊಡೆಸಿ, ಲಾರಿಗಳಿಗೆ ಟಾರ್ಪಾಲು ಕಟ್ಟಿಸಿ ಎಂದು ಕೇಳಿದೆ. ನೋಟ್‌ಬುಕ್ಕಿನ ಪುಟಗಳ ಜೆರಾಕ್ಸ್, ಫೋಟೋದ ಪ್ರತಿ ಲಗತ್ತಿಸಿದೆ. ತಮ್ಮ ಗ್ರಾಮ ಪಂಚಾಯಿತಿಗೆ ಒಂದು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದ. ಮೊಹರಿಲ್ಲದ ಅರ್ಜಿ ಅರ್ಜಿಯಲ್ಲ ಎಂದು ಅವನಿಗೆ ಮೂರು ಸಲ ಹೇಳಿ ಕಳಿಸಿದ್ದೆ.

ಯಂತ್ರ ಇನ್ನೂ ಬಂದಿಲ್ಲ. ರಸ್ತೆಗೆ ಬೆಳಿಗ್ಗೆ ಒಂದು ಸಲ ನೀರು ಬೀಳುತ್ತಿದೆಯಂತೆ. ತಮ್ಮ ಡಾಕ್ಟರಿಗೆ ತೋರಿಸಿ ಔಷಧಿ ಹೀರುತ್ತಿದ್ದಾನೆ. ಊರಿನ ಶಾಲೆಯ ಮೇಷ್ಟರು ಅದೇ 9 ಮರಗಳಿಗೆ ನಂಬರು ಕಟ್ಟಿಸಿದ್ದಾರೆ. ಪ್ರತಿ ದಸರಾಕ್ಕೆ ಮಕ್ಕಳೇ ಎಣಿಸುತ್ತಾರೆ.

ನೀವೂ ಎಣಿಸಬಹುದು ಮಕ್ಕಳೇ. ಅಜ್ಜಿ-ತಾತಂದಿರು ಜೊತೆಗಿದ್ದರೆ ಯಾವ ಮರ ಎಷ್ಟು ಹಳೆಯದು, ಯಾವ ಫೋಟೋದಲ್ಲಿ ಅದು ಬಂದಿದೆ ಎಂದು ಹೇಳುತ್ತಾರೆ. ಮಳೆಗಾಲ ಮುಗಿಯುವ ಹೊತ್ತು ಒಳ್ಳೆಯದು, ಆಗ ಕಲ್ಲುಹೂವು ನೀರು ಕುಡಿದು ಎದ್ದು ಕಾಣುತ್ತದೆ. ಎರಡು ಮಾತು ಮಾತ್ರ ಮರೆಯಬೇಡಿ. ಅದನ್ನು ಕೆರೆದು ಕೀಳಬೇಡಿ, ಒಂದು ಉಗುರಿನಗಲ ಮತ್ತೆ ಬೆಳೆಯಲು ವರ್ಷಗಳು ಬೇಕು. ರಸ್ತೆ ಬದಿಯದನ್ನು ಮನೆಗೆ ತಂದು ಮಸಾಲೆಗೆ ಹಾಕಬೇಡಿ, ಗಾಳಿಯಲ್ಲಿದ್ದ ಲೋಹವೆಲ್ಲ ಅದರ ಹೊಟ್ಟೆಯಲ್ಲಿರುತ್ತದೆ.

ಮೊಮ್ಮಗಳು ನೋಟ್‌ಬುಕ್ಕಿನ ಮೊದಲ ಪುಟದ ಮೇಲೆ 'ಆರಂಭ ಶಿಲ್ಕು' ಎಂದು ಬರೆದಿದ್ದಾಳೆ. ನಾನು ಹೇಳಿಕೊಟ್ಟ ಬ್ಯಾಂಕಿನ ಮಾತು. ಅದರ ಹಿಂದೆ 9 ಪುಟಗಳಿಗೆ ಈಗಲೇ ಗೀಟು ಹಾಕಿ, ವರ್ಷ ಬರೆದಿಟ್ಟಿದ್ದಾಳೆ. ಕೊನೆಯ ಪುಟದ ಹೊತ್ತಿಗೆ ಅವಳ ಕಾಲೇಜು ಮುಗಿದಿರುತ್ತದೆ, ನನಗೆ 83 ಆಗಿರುತ್ತದೆ. "ಆ ಪುಟಕ್ಕೂ ನೀನೇ ಏಣಿ ಹಿಡಿಯಬೇಕು ತಾತ" ಎಂದಳು. ಹಿಡಿಯುತ್ತೇನೆ ಎಂದಿದ್ದೇನೆ. ನನ್ನ ಕೈಯಲ್ಲಿ ಆಗದಿದ್ದರೆ ಹಿಡಿಯಲು ಚಿಕ್ಕತಾತ ಇದ್ದಾನೆ, ಔಷಧಿ ಮಾತ್ರ ತಪ್ಪಿಸಬಾರದು ಎಂದು ಅವನಿಗೆ ಫೋನು ಮಾಡಿ ಹೇಳಿದ್ದೇನೆ.